ಅಪ್‌ಡೇಟ್: ಅಪ್ಪನ ಕಾರಿನ ರೇಡಿಯೊದಲ್ಲಿ ಕೇಳಿದ ಹಾಡು ಸಿಕ್ಕಿತು!

ಹೋದ ವಾರ ಇಲ್ಲಿ ಒಂದು ಹಾಡಿನ ಹೆಸರು ಕೇಳಿದ್ದೆನಲ್ಲ: 1974ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ, ನನಗೆ ಏಳು ವರ್ಷ, ರೇಡಿಯೊದಲ್ಲಿ ಬರುತ್ತಿದ್ದ ಒಂದು ಮೆಲು ದನಿಯ 'ಸೋಲ್' (ಅಮೆರಿಕದ ಕಪ್ಪು ಜನರ ಸಂಗೀತ ಶೈಲಿ) ಹಾಡು. ನೆನಪಿದ್ದದ್ದು ಎರಡೇ: ಕಾರಿನ ಹಿಂದೆ ವಜ್ರ ಅನ್ನೋ ಮಾತು, ಗಂಟೆಯಂಥ ಒಂದು ವಾದ್ಯ.

ಅದು ವಿಲಿಯಂ ಡಿವಾನ್ ಹಾಡಿದ 'ಬಿ ಥ್ಯಾಂಕ್‌ಫುಲ್ ಫಾರ್ ವಾಟ್ ಯೂ ಗಾಟ್'. ಹೇಳಿದವರಿಗೆಲ್ಲ ತುಂಬಾ ಥ್ಯಾಂಕ್ಸ್! ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋದ ಹಾಡು, ಬ್ರಿಟನ್ನಿನಲ್ಲಿ 31ಕ್ಕೇ ನಿಂತಿತು. ಅದಕ್ಕೇ ನನ್ನ ಜೊತೆ ಓದಿದವರಿಗೆ ಯಾರಿಗೂ ನೆನಪಿಲ್ಲ, ಅಲ್ವಾ. ಆ ಗಂಟೆಯಂಥ ವಾದ್ಯ ವೈಬ್ರಫೋನ್ ಅಂತೆ, ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವುದು. ರೆಕಾರ್ಡ್ ಆಗಿದ್ದು ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಸ್ಟುಡಿಯೋದಲ್ಲಿ. ಡಿವಾನ್ ಆಗ ವಾಷಿಂಗ್ಟನ್‌ನಲ್ಲಿ ನಕ್ಷೆ ಬರೆಯುವ ಸರ್ಕಾರಿ ನೌಕರ! ದೊಡ್ಡ ಕಾರು ಇಲ್ಲದಿದ್ದರೂ ತಲೆ ಎತ್ತಿ ನಿಲ್ಲು ಅನ್ನುವ ಹಾಡು ಅಂಥವರಿಂದಲೇ ಬರಬೇಕು. 1991ರಲ್ಲಿ ಮ್ಯಾಸಿವ್ ಅಟ್ಯಾಕ್ ತಂಡ ಮತ್ತೆ ಹಾಡಿದೆ, ಆದರೆ ನನಗೆ ಹಳೆಯದೇ ಜಾಸ್ತಿ ಇಷ್ಟ.

ರಾತ್ರಿ ಅಕ್ಕನಿಗೆ ಫೋನಿನಲ್ಲೇ ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ, "ಅಪ್ಪ ಸ್ಟೇರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕ್ತಿದ್ರು ಕಣೋ" ಅಂದಳು.