ರೇಖಾ, ಆ ಮೇಲ್ ಕಂತೆಗೆ ಈಗಲೇ ಕೈ ಹಚ್ಚಬೇಡ

ರೇಖಾ, ನಿನ್ನ ಮೆಸೇಜ್ ಈಗ ನೋಡಿದೆ. ಮನೆ ಸಾಲದ ಮೇಲ್‌ಗಳೆಲ್ಲ ಜಿಮೇಲ್‌ನಲ್ಲಿ ಒಂದೇ ಕಂತೆಯಾಗಿ ಕೂತಿವೆ, ಸಾಲ ಮಂಜೂರಾಗಿದೆ ಅಂತ ಬ್ಯಾಂಕಿನವರು ಕೊಟ್ಟ ಸ್ಯಾಂಕ್ಷನ್ ಲೆಟರ್ ಅದರೊಳಗೆ ಸಿಗ್ತಿಲ್ಲ, ಸ್ಟೋರೇಜ್ ಬೇರೆ ತುಂಬಿದೆ, ಹಳೇದನ್ನೆಲ್ಲ ಡಿಲೀಟ್ ಮಾಡ್ಲಾ ಅಂತ ಕೇಳಿದ್ದೀಯ. ಬೇಡಮ್ಮ. ಮೊದಲು ನಾನು ಹೇಳೋದು ಪೂರ್ತಿ ಕೇಳು. ಉದ್ದ ಆಯ್ತು ಅಂತ ಓಡಿಸಬೇಡ. ನೀನು ನನ್ನ ವಾಯ್ಸ್ ಮೆಸೇಜನ್ನು ಡಬಲ್ ಸ್ಪೀಡ್‌ನಲ್ಲಿ ಕೇಳ್ತೀಯ ಅಂತ ನಿಮ್ಮಮ್ಮ ಹೇಳಿದ್ದಾಳೆ.

ಸಾಗರದ ಮನೆಯ ಹಿಂದಿನ ಕೋಣೆ ಗೊತ್ತಲ್ಲ, ಹೆಂಚು ತೆಗೆಸಿ ತಾರಸಿ ಹಾಕಿಸಿದ್ದು. ಆಗ ನಿಮ್ಮಪ್ಪ ಮಸ್ಕತ್‌ನಲ್ಲಿದ್ದ, ಹಾಗಾಗಿ ಕಂಟ್ರಾಕ್ಟರ್ ಜೊತೆ ಮಾತುಕತೆಯೆಲ್ಲ ಮೇಲ್‌ನಲ್ಲೇ. ನಿಮ್ಮ ಮಾವ ಬರೆಯೋದು, ಅವನು ಉತ್ತರ ಕೊಡೋದು, ನಿಮ್ಮಪ್ಪ ಅಲ್ಲಿಂದ ‘ಯಾಕೆ ಇಷ್ಟು ರೇಟು’ ಅನ್ನೋದು. ಯಾರೂ ಸಬ್ಜೆಕ್ಟ್ ಬದಲಾಯಿಸಲಿಲ್ಲ. ಕಬ್ಬಿಣಕ್ಕೂ ಅದೇ ಸಬ್ಜೆಕ್ಟ್, ಮರಳಿಗೂ ಅದೇ, ಬಾಗಿಲ ಚಿಲಕಕ್ಕೂ ಅದೇ. ಒಂದೇ ಸಬ್ಜೆಕ್ಟಿನ ಉತ್ತರಗಳನ್ನೆಲ್ಲ ಜಿಮೇಲ್ ಒಂದೇ ಕಂತೆ ಮಾಡುತ್ತದೆ, ಹೊರಗಿಂದ ನೋಡಿದರೆ ಕಾಣೋದು ಒಂದೇ ಸಾಲು. ಕಂಟ್ರಾಕ್ಟರ್ ಹೆಸರು, ಪಕ್ಕದಲ್ಲಿ ಸಣ್ಣದಾಗಿ 64, ಆಮೇಲೆ ಕೊನೆಯ ಮೇಲ್‌ನ ಎರಡು ಮಾತು, ‘ಓಕೆ ಸರ್, ನಾಳೆ ಬರ್ತೀನಿ’. ಆ 64 ಅಂದ್ರೆ ಒಳಗೆ ಅಷ್ಟು ಮೇಲ್ ಇವೆ ಅಂತ. ಅವುಗಳ ಪೈಕಿ ಒಂದರಲ್ಲಿ ಆ ಮನುಷ್ಯ ಬರೆದಿದ್ದ, ವಾಟರ್‌ಪ್ರೂಫಿಂಗ್ ನಮ್ಮ ಲೆಕ್ಕದಲ್ಲೇ, 5 ವರ್ಷದೊಳಗೆ ಸೋರಿದರೆ ನಾವೇ ಬಂದು ಸರಿ ಮಾಡಿಕೊಡ್ತೀವಿ ಅಂತ.

ಆ ವರ್ಷ ದೀಪಾವಳಿಗೆ ಬಂದ ಹುಡುಗನೊಬ್ಬ, ಹೆಸರು ಹೇಳೋದಿಲ್ಲ, ನಮ್ಮ ಮನೆಯವರ ಈ ಗ್ರೂಪಿನಲ್ಲೇ ಇದ್ದಾನೆ, ಮಾವನ ಫೋನ್ ಇಸ್ಕೊಂಡು ‘ಸ್ಟೋರೇಜ್ ಫುಲ್ ಆಗಿದೆ, ಕ್ಲೀನ್ ಮಾಡಿಕೊಡ್ತೀನಿ’ ಅಂತ ಕೂತ. ‘ಓಕೆ ಸರ್’ ಅನ್ನೋ ಮೇಲ್ ಇಟ್ಕೊಂಡು ಏನು ಮಾಡ್ತಾರೆ ಅಂತ ಆ ಸಾಲನ್ನು ಅಳಿಸಿದ. ಒಂದು ಮೇಲ್ ಅಳಿಸಿದೆ ಅಂದುಕೊಂಡ. ಹೋಗಿದ್ದು ಅಷ್ಟೂ. ಒಂದು ಹೀರೇಕಾಯಿ ಕೀಳಲು ಹೋಗಿ ಬಳ್ಳಿಯನ್ನೇ ಬುಡಸಮೇತ ಕಿತ್ತ ಹಾಗೆ. ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ತಾನಾಗಿಯೇ ಹೋಗಿಬಿಡುತ್ತದೆ. ನಮಗೆ ಗೊತ್ತಾಗಿದ್ದು ಜೂನ್‌ನಲ್ಲಿ, ಮಳೆ ಹಿಡಿದು ಕೋಣೆಯ ಮೂಲೆಯಲ್ಲಿ ನೀರು ಇಳಿದಾಗ.

ನಿಮ್ಮಪ್ಪನ ಹತ್ರ ಕಾಪಿ ಇರಬೇಕಲ್ಲ ಅಂತೀಯ. ಇತ್ತು, ಅರ್ಧ. ನಡುವೆ ಒಂದು ಸಲ ಕಂಟ್ರಾಕ್ಟರ್ ‘ರಿಪ್ಲೈ ಆಲ್’ ಒತ್ತೋ ಬದಲು ಬರೀ ‘ರಿಪ್ಲೈ’ ಒತ್ತಿದ್ದ, ಅಂದ್ರೆ ಉತ್ತರ ಹೋಗಿದ್ದು ಮಾವನಿಗೆ ಮಾತ್ರ. ಅಲ್ಲಿಂದ ಮುಂದಿನದು ಯಾವುದೂ ಮಸ್ಕತ್‌ಗೆ ಹೋಗಿಲ್ಲ. ವಾಟರ್‌ಪ್ರೂಫಿಂಗ್ ಮಾತು ಬಂದಿದ್ದೂ ಅದಾದ ಮೇಲೇ. ನಾವು ಅಳಿಸಿದರೆ ಕಂಟ್ರಾಕ್ಟರ್ ಕಡೆಯದು ಹೋಗೋದಿಲ್ಲ, ಅವನ ಹತ್ರ ಇದ್ದೇ ಇರುತ್ತದೆ. ಕೇಳಿದರೆ, ‘ಯಾವ ಮೇಲ್ ಸಾರ್? ತೋರಿಸಿ ನೋಡೋಣ’ ಅಂದ!

ಅದಕ್ಕೇ ಹೇಳ್ತಿರೋದು. ಹೊರಗಿನ ಸಾಲಿಗೆ ಟಿಕ್ ಹಾಕಿ ಡಿಲೀಟ್ ಒತ್ತಬೇಡ. ಕಂತೆಗೆ ಕಂತೆಯೇ ಹೋಗುತ್ತದೆ.

ಕೊನೆಗೆ ಆ ತಾರಸಿ ಯಾರು ಸರಿ ಮಾಡಿಸಿದ್ದು? ನಾವೇ. ಖರ್ಚು ಹಂಚಿಕೊಳ್ಳೋಣ ಅಂತ ಇದೇ ಗ್ರೂಪಿನಲ್ಲಿ ಲೆಕ್ಕ ಬರೆದು ಹಾಕಿದೆ. ಎಲ್ಲರೂ ಹೆಬ್ಬೆರಳು ತೋರಿಸಿದಿರಿ, ಕೈ ಮುಗಿದಿರಿ. ದುಡ್ಡು ಕಳಿಸಿದ್ದು ಶಿರಸಿ ಅಕ್ಕ ಒಬ್ಬರೇ. ಹಬ್ಬಕ್ಕೆ ಬಂದು ಜಗಲಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳೋಕೆ ಎಲ್ಲರಿಗೂ ಊರ ಮನೆ ಬೇಕು. ಸೋರೋ ಕಡೆ ಬಕೆಟ್ ಇಡೋಕೆ ಅತ್ತೆ ಬೇಕು. ಇನ್ನೊಂದು ಹೇಳಿಬಿಡ್ತೀನಿ. ನಿಮ್ಮ ಕೈಗೆ ಫೋನ್ ಕೊಟ್ಟರೆ ಸಾಕು, ಪಟಪಟ ಏನೋ ಒತ್ತಿ ‘ಆಯ್ತು ತಗೊಳ್ಳಿ’ ಅಂತೀರಿ. ಏನು ಒತ್ತಿದಿರಿ ಅಂತ ಕೇಳಿದರೆ ‘ಬಿಡಿ, ನಿಮಗೆ ಗೊತ್ತಾಗಲ್ಲ’. ಆಯಸ್ಸೆಲ್ಲ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳಿಗೆ ಗೊತ್ತಾಗಲ್ಲವಂತೆ.

ಹಾಂ, ನಿನ್ನ ಲೆಟರ್. ಅದನ್ನೇ ಹೇಳಲಿಲ್ಲ ನೋಡು. ಕಂಪ್ಯೂಟರ್‌ನಲ್ಲಿ ತೆಗೆ. ಮೇಲೆ ಹುಡುಕೋ ಜಾಗದ ಬಲತುದಿಯಲ್ಲಿ ಗೆರೆ ಗೆರೆಯಾಗಿ ಒಂದು ಗುರುತಿದೆ, ಒತ್ತಿದರೆ ಖಾನೆಗಳು ತೆರೆಯುತ್ತವೆ. ‘ಫ್ರಮ್’ ಅನ್ನೋ ಕಡೆ ಬ್ಯಾಂಕಿನವರ ಐಡಿ ಹಾಕು, ಕೆಳಗೆ ‘ಹ್ಯಾಸ್ ಅಟ್ಯಾಚ್‌ಮೆಂಟ್’ಗೆ ಟಿಕ್ ಹಾಕಿ ಹುಡುಕು. ಅದು ಬೇರೆ ಕಂತೆಯಲ್ಲೂ ಇರಬಹುದು. 100 ಮೇಲ್ ದಾಟಿದರೆ ಜಿಮೇಲ್ ಹೊಸ ಕಂತೆ ಶುರು ಮಾಡುತ್ತದೆ, ಸಬ್ಜೆಕ್ಟ್ ಬದಲಾದರೂ ಅಷ್ಟೇ. ನೀನು ಸುಮ್ನೆ ಹಳೇದರಲ್ಲೇ ತಡಕಾಡ್ತಿದ್ದೀಯೋ ಏನೋ.

ಈ ಕಂತೆಯ ಸಹವಾಸವೇ ಬೇಡ ಅಂದ್ರೆ ಗಿಯರ್ ಗುರುತು ಒತ್ತಿ ‘ಸೀ ಆಲ್ ಸೆಟ್ಟಿಂಗ್ಸ್’ಗೆ ಹೋಗು. ‘ಜನರಲ್’ನಲ್ಲೇ ‘ಕನ್ವರ್ಸೇಶನ್ ವ್ಯೂ’ ಇದೆ, ಆಫ್ ಮಾಡು. ಪೂರ್ತಿ ಕೆಳಗಿಳಿದು ‘ಸೇವ್ ಚೇಂಜಸ್’ ಒತ್ತು, ಇಲ್ಲಾಂದ್ರೆ ಮಾಡಿದ್ದೆಲ್ಲ ದಂಡ. ಆಮೇಲೆ ಒಂದೊಂದು ಮೇಲ್ ಒಂದೊಂದು ಸಾಲಾಗಿ ಕಾಣುತ್ತದೆ. ಆಫ್ ಮಾಡದೆಯೂ ಒಂದನ್ನೇ ತೆಗೀಬಹುದು. ಕಂತೆ ಬಿಚ್ಚಿ, ಬೇಡದ ಮೇಲ್‌ನ ಬಲಗಡೆಯ ಮೂರು ಚುಕ್ಕಿ ಒತ್ತಿದರೆ ಅದೊಂದನ್ನೇ ಡಿಲೀಟ್ ಮಾಡೋ ಆಯ್ಕೆ ಬರುತ್ತದೆ.

ಸ್ಟೋರೇಜ್ ತುಂಬಿದ್ದನ್ನು ಹಾಗೇ ಬಿಡಬೇಡ, ಹೊಸ ಮೇಲ್ ಬರೋದೇ ನಿಂತುಹೋಗುತ್ತದೆ. ಬ್ಯಾಂಕಿನವರು ಇನ್ನೇನಾದರೂ ಕಳಿಸೋದಿದ್ದರೆ? ಆದ್ರೆ ಗೂಗಲ್‌ನವರು ಪುಕ್ಕಟೆ ಕೊಡೋ ಆ 15 ಜಿಬಿ ಜಾಗ ಬರೀ ಮೇಲ್‌ಗೆ ಅಲ್ಲ, ಡ್ರೈವ್, ಫೋಟೋಸ್ ಎಲ್ಲ ಸೇರಿ. ಪುಟ್ಟಿಯ ಡ್ಯಾನ್ಸ್ ವಿಡಿಯೋಗಳೇ ಜಾಸ್ತಿ ತಿಂದಿರುತ್ತವೆ, ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅಲ್ಲಿಂದ ತೆಗಿ. ಲೆಟರ್ ಸಿಕ್ಕಿದ ತಕ್ಷಣ ಡೌನ್‌ಲೋಡ್ ಮಾಡಿ ನಿಮ್ಮಪ್ಪನಿಗೂ ಒಂದು ಕಳಿಸು. ಹೊಸದಾಗಿ ಬೇರೆ ಸಬ್ಜೆಕ್ಟ್ ಹಾಕಿ ಕಳಿಸು, ಅದೇ ಕಂತೆಗೆ ರಿಪ್ಲೈ ಮಾಡಬೇಡ. ಸಿಗದಿದ್ದರೆ ಫೋನ್ ಮಾಡು. 4 ಗಂಟೆ ಮೇಲೆ ಮಾಡು, ಅಲ್ಲಿವರೆಗೆ ಮಾವ ಮಲಗಿರ್ತಾರೆ.