ಮನೆಯ ಹಳೇ ಪತ್ರದಲ್ಲಿ ‘ಬಿಳಿಯರಿಗೆ ಮಾತ್ರ’ ಅಂತಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ಸಿಯಾಟಲ್‌ನಲ್ಲಿ ಮನೆ ಕೊಳ್ಳುತ್ತಿದ್ದೇವೆ. ಮಾಲೀಕತ್ವದ ದಾಖಲೆ ಪರಿಶೀಲಿಸುವ ಟೈಟಲ್ ಕಂಪನಿ ಕಳಿಸಿದ ಕಾಗದಗಳಲ್ಲಿ 1930ರ ದಶಕದ ಒಂದು ಷರತ್ತಿದೆ. ಬಿಳಿಯರಲ್ಲದವರು ಇಲ್ಲಿ ವಾಸ ಮಾಡುವಂತಿಲ್ಲ, ಮನೆಗೆಲಸದವರಾದರೆ ಅಡ್ಡಿಯಿಲ್ಲ ಅಂತ. ಓದಿದಾಗಿನಿಂದ ನನ್ನ ಹೆಂಡತಿಗೆ ಆ ಮನೆಯೇ ಬೇಡ ಅನ್ನಿಸಿದೆ. ಮುಂದೆ ತೊಂದರೆ ಆಗುತ್ತಾ?

ಉತ್ತರ (ಆಸ್ತಿ ವಕೀಲರು): ಆಗುವುದಿಲ್ಲ, ಧೈರ್ಯವಾಗಿ ಸಹಿ ಹಾಕಿ. ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ 1948ರಲ್ಲೇ, ಶೆಲ್ಲಿ ವರ್ಸಸ್ ಕ್ರೇಮರ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಮನೆ ಮಾರಾಟ, ಬಾಡಿಗೆಯಲ್ಲಿ ಜನಾಂಗ ಭೇದ ನಿಷೇಧಿಸಿದ 1968ರ ಫೇರ್ ಹೌಸಿಂಗ್ ಕಾಯ್ದೆ ಬಂದ ಮೇಲೆ ಅದು ಕಾನೂನಿಗೇ ವಿರುದ್ಧ. ನಿಮ್ಮ ಕೌಂಟಿಯ ದಾಖಲೆ ಕಚೇರಿಯಲ್ಲಿ ಒಂದು ಫಾರ್ಮ್ ಕೊಟ್ಟರೆ ಷರತ್ತು ರದ್ದು ಅಂತ ಬರೆದುಕೊಳ್ಳುತ್ತಾರೆ. ನಿಮ್ಮ ಹೆಂಡತಿಯವರ ಸಂಕಟ ಮಾತ್ರ ನನಗೆ ಅರ್ಥವಾಗುತ್ತದೆ. ಮೊದಲ ಸಲ ಅಂಥ ಪತ್ರ ಓದಿದಾಗ ನನಗೂ ಹಾಗೇ ಆಗಿತ್ತು.

ಇನ್ನೊಬ್ಬರ ಪ್ರಶ್ನೆ: 1968ರಲ್ಲೇ ಕಾಯ್ದೆ ಬಂತಲ್ಲ ಮೇಡಂ, ಕಪ್ಪು ಜನರ ಆಸ್ತಿ ಇನ್ನೂ ಯಾಕೆ ಅಷ್ಟು ಕಡಿಮೆ? ಸಂಬಳದ ವ್ಯತ್ಯಾಸ ಅಷ್ಟೇ ಅಲ್ವಾ?

ಉತ್ತರ: ಸಂಬಳ ಒಂದು ಭಾಗ ಮಾತ್ರ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ 2022ರ ಸರ್ವೆ ನೋಡಿ. ಶ್ರೀಮಂತರನ್ನೂ ಬಡವರನ್ನೂ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿರುವ ಬಿಳಿಯ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಆರು ಪಟ್ಟು ಅಂತರ.

1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ಊರುಗಳ ನಕ್ಷೆ ಮಾಡಿಸಿ, ಕಪ್ಪು ಜನರಿದ್ದ ಬಡಾವಣೆಗಳನ್ನು ಹೆಚ್ಚಾಗಿ ಕೆಂಪು ಬಣ್ಣದಲ್ಲಿ, ಅಂದರೆ ಸಾಲಕ್ಕೆ ಅಪಾಯ ಅಂತ ಗುರುತಿಸಿತು. 1934ರಲ್ಲಿ ಶುರುವಾದ ಗೃಹ ಸಾಲದ ಸರ್ಕಾರಿ ಖಾತರಿಯೂ ಅಂಥ ಕಡೆ ಸಿಗುತ್ತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದ ಕಪ್ಪು ಸೈನಿಕರಿಗೂ ಇದೇ ಗತಿ. 1947ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಮಾಜಿ ಸೈನಿಕರಿಗಾಗಿ ಸರ್ಕಾರ ಖಾತರಿ ಕೊಟ್ಟ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡೇ ಎರಡು!

ಈಗ ಎರಡು ಕುಟುಂಬ ಊಹಿಸಿಕೊಳ್ಳಿ, ದುಡಿಮೆ ಒಂದೇ. ಒಬ್ಬರು 1950ರಲ್ಲಿ ಮನೆ ಕೊಂಡರು, ಬೆಲೆ ಏರಿತು, ಅದರ ಮೇಲೆ ಸಾಲ ತೆಗೆದು ಮಗಳನ್ನು ಕಾಲೇಜಿಗೆ ಕಳಿಸಿದರು, ಕೊನೆಗೆ ಮೊಮ್ಮಗ ಮನೆ ಕೊಳ್ಳುವಾಗ ಮೊದಲು ಕಟ್ಟಬೇಕಾದ ಡೌನ್ ಪೇಮೆಂಟೂ ಅಲ್ಲಿಂದಲೇ ಬಂತು. ಇನ್ನೊಬ್ಬರು ಅಷ್ಟೂ ವರ್ಷ ಬಾಡಿಗೆ ಕಟ್ಟಿದರು. ಕಾಯ್ದೆ ಬಾಗಿಲು ತೆರೆಯಿತು ನಿಜ, ಆದರೆ ಅಷ್ಟರಲ್ಲಿ ಬೆಲೆ ಏರಿತ್ತು, ಕೈಯಲ್ಲಿ ಗಂಟು ಇರಲಿಲ್ಲ.

ಮೊದಲು ಕೇಳಿದವರು: ಹಾಗಾದರೆ ಈಗ ಯಾರಾದರೂ ಇದಕ್ಕೆ ಏನಾದರೂ ಮಾಡುತ್ತಿದ್ದಾರಾ?

ಉತ್ತರ: ನಿಮ್ಮ ವಾಷಿಂಗ್ಟನ್ ರಾಜ್ಯದಲ್ಲೇ ಮಾಡುತ್ತಿದ್ದಾರೆ. 2023ರ ಕಾನೂನಿನಂತೆ ಆಸ್ತಿ ದಾಖಲೆಗಳ ನೋಂದಣಿಗೆ 100 ಡಾಲರ್ ಶುಲ್ಕ ತೆಗೆದುಕೊಂಡು, ಆಗ ಹೊರಗಿಟ್ಟವರ ಮಕ್ಕಳು ಮೊಮ್ಮಕ್ಕಳಿಗೆ ಡೌನ್ ಪೇಮೆಂಟ್‌ಗೆ ನೆರವು ಕೊಡುತ್ತಾರೆ. ನಿಮ್ಮ ಕಾಗದಗಳಲ್ಲಿ ಆ ಶುಲ್ಕ ಕಂಡರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಹೆಂಡತಿಯವರಿಗೂ ಹೇಳಿ.