60ಕ್ಕೆ ಬಂದರೆ ಲಾರಿ ನಡುಗುತ್ತದೆ, ಟಯರ್ ಅಲ್ಲ, ಎಂಜಿನ್ನೂ ಅಲ್ಲ ಅನ್ನಿಸುತ್ತಿದೆ

ರಾಣೆಬೆನ್ನೂರು ಹತ್ತುಚಕ್ರ:
ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ಚಕ್ರದ ಲಾರಿ, 2018ರ ಮಾಡೆಲ್. ನಾನೇ ಓನರ್, ನಾನೇ ಡ್ರೈವರ್. ರಾಣೆಬೆನ್ನೂರಿನಿಂದ ನಾಮಕ್ಕಲ್‌ಗೆ ಕೋಳಿ ಫೀಡಿನ ಮೆಕ್ಕೆಜೋಳ ಹೊಡೆಯುತ್ತೇನೆ. ಒಂದು ತಿಂಗಳಿಂದ ಈ ಕಾಟ ಶುರುವಾಗಿದೆ. 50ರವರೆಗೆ ಗಾಡಿ ಬೆಣ್ಣೆ. 55 ದಾಟಿದರೆ ಕಾಲ ಕೆಳಗಿನ ತಗಡು ಜುಮ್ ಅನ್ನುತ್ತದೆ, 60ಕ್ಕೆ ಗೇರ್ ರಾಡ್ ಮೇಲೆ ಕೈ ಇಟ್ಟರೆ ಮೊಣಕೈವರೆಗೂ ನಡುಕ, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತದೆ. 70ರ ಹತ್ತಿರ ಹೋದರೆ ಸ್ವಲ್ಪ ತಣ್ಣಗಾಗುತ್ತದೆ. ಲೋಡ್ ಇದ್ದರೆ ಕಡಿಮೆ, ಖಾಲಿ ಬರುವಾಗ ಜಾಸ್ತಿ. ಸ್ಟೇರಿಂಗ್ ಮಾತ್ರ ಅಲುಗಾಡುವುದಿಲ್ಲ.

ಮುಂದಿನ ಎರಡೂ ಟಯರ್ ಬ್ಯಾಲೆನ್ಸ್ ಮಾಡಿಸಿದೆ. ಎಂಜಿನ್ ಮೌಂಟಿಂಗ್ ರಬ್ಬರ್ ಹೊಸದು ಹಾಕಿಸಿದೆ. 18 ಸಾವಿರ ಹೋಯಿತು, ನಡುಕ ಹೋಗಲಿಲ್ಲ. ಈಗ ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ನೋಡೋಣ ಅನ್ನುತ್ತಿದ್ದಾರೆ. ಇಳಿಸಲಾ, ಬೇಡವಾ?

ಶಿರಾಡಿ ಸವಾರ:
ಹಿಂದಿನ ಟಯರ್ ನೋಡಿದಿರಾ ಅಣ್ಣಾ? ಜೋಡಿ ಚಕ್ರದ ಒಳಗಿನ ಟಯರ್ ಯಾರೂ ನೋಡುವುದಿಲ್ಲ. ಗಡ್ಡೆ ಎದ್ದಿದ್ದರೆ, ಇಲ್ಲವೇ ಎರಡು ಟಯರ್ ನಡುವೆ ಕಲ್ಲು ಸಿಕ್ಕಿದ್ದರೆ ಹೀಗೇ ಆಗುತ್ತದೆ.

ತುಮಕೂರು ರೋಡ್ ಮೆಕ್ಯಾನಿಕ್:
ಗೇರ್‌ಬಾಕ್ಸ್ ಇಳಿಸಬೇಡಿ, ತಡೀರಿ. ಮೊದಲು ಖರ್ಚಿಲ್ಲದ ಎರಡು ಕೆಲಸ ಮಾಡಿ.

ಒಂದು, ನಿಂತ ಗಾಡಿಯಲ್ಲಿ ನ್ಯೂಟ್ರಲ್‌ಗೆ ಹಾಕಿ, 60ರಲ್ಲಿ ಓಡುವಾಗ ಎಷ್ಟು ಆರ್‌ಪಿಎಂ ಇರುತ್ತದೋ ಅಷ್ಟಕ್ಕೆ ರೇಸ್ ಮಾಡಿ. ನಡುಗುತ್ತದಾ? ಎರಡು, ಖಾಲಿ ಗಾಡಿ, ಸಮತಟ್ಟಾದ ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲದಾಗ 62ಕ್ಕೆ ಒಯ್ದು ಕ್ಲಚ್ ತುಳಿಯಿರಿ. ಎಂಜಿನ್ ಐಡ್ಲಿಂಗಿಗೆ ಬಂದ ಮೇಲೂ ನಡುಕ ಇದ್ದರೆ ಅದು ಎಂಜಿನ್‌ದಲ್ಲ. ಇಳಿಜಾರಿನಲ್ಲಿ ಮಾತ್ರ ಈ ಆಟ ಬೇಡ.

ಇನ್ನೊಂದು. ಮೊಬೈಲ್‌ನಲ್ಲಿ ವೈಬ್ರೇಶನ್ ಅಳೆಯುವ ಆ್ಯಪ್ ಫ್ರೀಯಾಗಿ ಸಿಗುತ್ತದೆ, ಹಾಕಿಕೊಂಡು ಫೋನನ್ನು ಕ್ಯಾಬಿನ್ ತಗಡಿಗೆ ಟೇಪ್ ಸುತ್ತಿ ಕೂರಿಸಿ, ಕ್ಲೀನರ್ ಕೈಲಿ ನೋಡಿಸಿ. ಎಷ್ಟು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ನಡುಕ, ಬಂತು ಹೇಳಿ. ಟಯರ್ ಸೈಜ್ ಮತ್ತು ಕ್ರೌನ್ (ಹಿಂದಿನ ಆಕ್ಸಲ್ ಒಳಗೆ ಚಕ್ರ ತಿರುಗಿಸುವ ಗೇರ್ ಜೋಡಿ) ಹಲ್ಲಿನ ಲೆಕ್ಕವೂ ಬೇಕು.

ಚಳ್ಳಕೆರೆ ಟಿಪ್ಪರ್:
ಹಿಂದೆ ಸ್ಪ್ರಿಂಗ್ ಪಟ್ಟಿ ಎಕ್ಸ್‌ಟ್ರಾ ಹಾಕಿಸಿದ್ದೀರಾ? ಪಟ್ಟಿ ಜಾಸ್ತಿಯಾದರೆ ಖಾಲಿ ಗಾಡಿ ಹಿಂದೆ ಎದ್ದು ನಿಲ್ಲುತ್ತದೆ, ಹೌಸಿಂಗ್ ಕಡೆ, ಅಂದರೆ ಹಿಂದಿನ ಆಕ್ಸಲ್ ಕಡೆ, ಗೇರ್‌ಬಾಕ್ಸಿನಿಂದ ಬರುವ ಶಾಫ್ಟಿನ ಕೋನ ಕೆಡುತ್ತದೆ. ಖಾಲಿ ಇದ್ದಾಗ ಜಾಸ್ತಿ ಅಂದಿರಲ್ಲ, ನನಗೆ ಅದೇ ಡೌಟು.

ರಾಣೆಬೆನ್ನೂರು ಹತ್ತುಚಕ್ರ:
ಪಟ್ಟಿ ಹಾಕಿಸಿದ್ದು ನಿಜ, ಒಂದೊಂದು. ಆದರೆ ಅದಾಗಿ ಎರಡು ವರ್ಷ ಆಯಿತು. ಒಳಗಿನ ಟಯರ್ ಟಾರ್ಚ್ ಹಾಕಿ ನೋಡಿದೆ, ಸರಿಯಾಗಿವೆ.

ನಿಲ್ಲಿಸಿ ರೇಸ್ ಮಾಡಿದರೆ ಏನೂ ಇಲ್ಲ. ಕ್ಲಚ್ ತುಳಿದರೂ ನಡುಕ ಹಾಗೇ ಇತ್ತು! ಆ್ಯಪ್‌ನಲ್ಲಿ 60ಕ್ಕೆ 30–31 ಹರ್ಟ್ಸ್ ಹತ್ತಿರ ಒಂದೇ ಒಂದು ಉದ್ದ ಗೆರೆ. ಟಯರ್ 295/90 ಆರ್20, ಕ್ರೌನ್ 7/41.

ತುಮಕೂರು ರೋಡ್ ಮೆಕ್ಯಾನಿಕ್:
ಸಿಕ್ಕಿತು ನೋಡಿ. 60ರಲ್ಲಿ ಅಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ನಿಮ್ಮ ಟಯರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಹೋಗುತ್ತದೆ, ಹಾಗಾಗಿ ನಿಮಿಷಕ್ಕೆ 312 ಸುತ್ತು, ಸೆಕೆಂಡಿಗೆ 5 ಚಿಲ್ಲರೆ. ಟಯರ್ ದೋಷ ಇದ್ದಿದ್ದರೆ ಮುಖ್ಯ ಗೆರೆ 5ರ ಹತ್ತಿರ ಏಳಬೇಕಿತ್ತು. ಕ್ರೌನ್ 7/41 ಅಂದರೆ ಚಕ್ರ 7 ಸುತ್ತಿಗೆ ಶಾಫ್ಟ್ 41 ಸುತ್ತು, ಹಾಗಾಗಿ 312ನ್ನು 41ರಿಂದ ಗುಣಿಸಿ 7ರಿಂದ ಭಾಗಿಸಿ, ಸುಮಾರು 1,827. ಅದು ಶಾಫ್ಟ್ ನಿಮಿಷಕ್ಕೆ ತಿರುಗುವ ಲೆಕ್ಕ, ಸೆಕೆಂಡಿಗೆ 30.5. ನಿಮ್ಮ ಆ್ಯಪ್ ಹೇಳಿದ್ದೂ ಅದೇ.

ಟಾಪ್ ಗೇರ್ ಡೈರೆಕ್ಟ್ (ಎಂಜಿನ್ ಒಂದು ಸುತ್ತಿಗೆ ಶಾಫ್ಟೂ ಒಂದು ಸುತ್ತು) ಆದ್ದರಿಂದ ಎಂಜಿನ್ ಕೂಡ ಅದೇ 1,827ರಲ್ಲಿ ಇರುತ್ತದೆ. ಅದಕ್ಕೇ ಎಲ್ಲರೂ ಎಂಜಿನ್ ಮೇಲೆ ಗೂಬೆ ಕೂರಿಸಿ ಮೌಂಟಿಂಗ್ ಬಿಚ್ಚುತ್ತಾರೆ. ಕ್ಲಚ್ ತುಳಿದಾಗಲೂ ನಡುಗಿತಲ್ಲ, ಎಂಜಿನ್ ಬಿಟ್ಟುಬಿಡಿ.

ಟಿಪ್ಪರ್ ಅಣ್ಣ ಹೇಳಿದ್ದೂ ತಪ್ಪಲ್ಲ, ಆದರೆ ಕೋನ ಕೆಟ್ಟರೆ ಶಾಫ್ಟಿನ ತುದಿಯ ಜಾಯಿಂಟ್ ಕ್ರಾಸ್ ಒಂದು ಸುತ್ತಿಗೆ ಎರಡು ಸಲ ಒದೆಯುತ್ತದೆ, ಆಗ 61ರ ಹತ್ತಿರ ಬರಬೇಕಿತ್ತು. ಸುತ್ತಿಗೆ ಒಂದೇ ಸಲ ಅಂದರೆ ಶಾಫ್ಟ್ ಬ್ಯಾಲೆನ್ಸ್ ತಪ್ಪಿದೆ. ಈ ತಿಂಗಳಲ್ಲಿ ಶಾಫ್ಟ್ ಯಾರಾದರೂ ಬಿಚ್ಚಿದ್ದಾರಾ? ನಿಜ ಹೇಳಿ.

ರಾಣೆಬೆನ್ನೂರು ಹತ್ತುಚಕ್ರ:
ಅಯ್ಯೋ, ಹೌದು ಗುರುಗಳೇ. ಕೃಷ್ಣಗಿರಿ ದಾಟಿ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್ ರಬ್ಬರ್ ಹರಿದು ರಾತ್ರಿ ರೋಡಿನ ಪಕ್ಕದಲ್ಲೇ ಹಾಕಿಸಿದ್ದೆ. ಅದು ರಿಪೇರಿ ಆಗಿತ್ತಲ್ಲ, ಲೆಕ್ಕಕ್ಕೇ ತಗೊಂಡಿರಲಿಲ್ಲ. ಆದರೆ ಈಗ ತಾನೇ ಕೆಳಗೆ ಹೋಗಿ ನೋಡಿದೆ, ಶಾಫ್ಟಿನ ಎರಡೂ ಕಡೆಯ ಕವೆ (ಕ್ರಾಸ್ ಹಿಡಿಯುವ ಕವಲು) ಒಂದೇ ಸಾಲಿನಲ್ಲಿವೆ.

ತುಮಕೂರು ರೋಡ್ ಮೆಕ್ಯಾನಿಕ್:
ಕವೆ ಸಾಲಿನಲ್ಲಿದ್ದರೆ ಸಾಲದು. ಸ್ಲೀವನ್ನು (ಶಾಫ್ಟಿನ ಪೈಪಿಗೆ ಜಾರಿ ಕೂರುವ ಭಾಗ) ಅರ್ಧ ಸುತ್ತು ತಿರುಗಿಸಿ ಹಾಕಿದರೂ ಸಾಲಿನಲ್ಲೇ ಕಾಣುತ್ತವೆ, ಬ್ಯಾಲೆನ್ಸ್ ಮಾತ್ರ ಹಾಳು, ಯಾಕಂದರೆ ಕಂಪನಿಯಲ್ಲಿ ಜೋಡಿಸಿದ ಮೇಲೆಯೇ ತೂಕ ನೋಡಿ ಚಿಕ್ಕ ತಗಡಿನ ತುಂಡು ಬೆಸೆದಿರುತ್ತಾರೆ. ಸ್ಲೀವ್ ಮೇಲೆ ಒಂದು, ಪೈಪಿನ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಗ್ರೀಸ್ ಒರೆಸಿ ಹುಡುಕಿ. ಆ ತುಂಡು ಉದುರಿದೆಯಾ, ಪೈಪ್ ನೆಗ್ಗಿದೆಯಾ ಅದನ್ನೂ ನೋಡಿ. ಚಕ್ರಕ್ಕೆ ಕಲ್ಲು ಕೊಟ್ಟೇ ಕೆಳಗೆ ಹೋಗಿ.

ರಾಣೆಬೆನ್ನೂರು ಹತ್ತುಚಕ್ರ:
ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಗ್ರೀಸ್, ಮಣ್ಣು, ಟಾರ್ ಸೇರಿ ಬೆರಳು ದಪ್ಪ ಕೂತಿತ್ತು. ವೈರ್ ಬ್ರಷ್ ಹಾಕಿ ಉಜ್ಜಿದರೆ ಪೈಪಿನ ಬಾಣ ಮೇಲ್ಗಡೆ ಸಿಕ್ಕಿತು. ಸ್ಲೀವಿನ ಬಾಣ ಎಲ್ಲೂ ಇಲ್ಲ. ಮಲಗಿಕೊಂಡು ಕೆಳಗಿನಿಂದ ಕೈಯಾಡಿಸಿದಾಗ ಬೆರಳಿಗೆ ತಗುಲಿತು, ಸರಿಯಾಗಿ ಎದುರು ಬದಿಯಲ್ಲಿ! ಹೌಸಿಂಗ್ ಕಡೆ ಬೋಲ್ಟ್ ಬಿಚ್ಚಿ, ಎಳೆದು, ಅರ್ಧ ಸುತ್ತು ತಿರುಗಿಸಿ ಬಾಣಕ್ಕೆ ಬಾಣ ಕೂರಿಸಿದೆವು. ಬರೀ 600 ರೂಪಾಯಿ ಕೂಲಿ.

ನಿನ್ನೆ ಖಾಲಿ ಗಾಡಿಯಲ್ಲೇ ಹಿರಿಯೂರುವರೆಗೆ ಹೋಗಿ ಬಂದೆ. 60ರಲ್ಲಿ ಕನ್ನಡಿಯಲ್ಲಿ ಹಿಂದಿನವನ ನಂಬರ್ ಪ್ಲೇಟ್ ಓದಿದೆ.

ಚಳ್ಳಕೆರೆ ಟಿಪ್ಪರ್:
18 ಸಾವಿರಕ್ಕೆ ಹೊಸ ಮೌಂಟಿಂಗ್ ಆದರೂ ಬಂತಲ್ಲ ಬಿಡಿ 😄

ತುಮಕೂರು ರೋಡ್ ಮೆಕ್ಯಾನಿಕ್:
ಒಳ್ಳೆಯದಾಯಿತು. ಒಂದು ಟ್ರಿಪ್ ಆದ ಮೇಲೆ ಆ ಬೋಲ್ಟ್ ಮತ್ತೊಮ್ಮೆ ಟೈಟ್ ಮಾಡಿ. ಒಂದು ತಿಂಗಳು ನಡುಗಿದೆ, ಕ್ರಾಸ್ ಬೇರಿಂಗ್ ಆಟ ಬಂದಿರಬಹುದು, ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿ. ಬಾಣದ ಮೇಲೆ ಬಿಳಿ ಪೇಂಟ್ ಹಚ್ಚಿಬಿಡಿ, ಮುಂದಿನ ಸಲ ರಾತ್ರಿ ಬಿಚ್ಚುವವನಿಗೆ ಕಾಣಲಿ.